ಜಡೆಯ ಉದ್ದ ಮತ್ತು ನಮ್ಮ ತೀರ್ಪು

ವೈಟ್‌ಫೀಲ್ಡ್ ಸಮೀಪದ ಮನೆಯೊಂದನ್ನು ಆಶೀರ್ವದಿಸಲು ಹೋಗಿದ್ದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಉದ್ಯೋಗದಲ್ಲಿರುವ ಮೊಮ್ಮಗಳು ತನ್ನ ನೀಳ ಜಡೆಯನ್ನು ಕತ್ತರಿಸಿಕೊಂಡಿದ್ದಳು. ಅಜ್ಜಿ ಅವಳೊಡನೆ ಮಾತು ಬಿಟ್ಟಿದ್ದರು. ಗುರುಗಳು ಹುಡುಗಿಗೆ ಬುದ್ಧಿ ಹೇಳಲೆಂಬುದು ಮನೆಯವರ ಅಪೇಕ್ಷೆ.

ಅಟ್ಟದಿಂದ ಇಳಿಸಿದ್ದ ಹಳೆಯ ಪತ್ರಿಕೆಗಳ ಕಟ್ಟೊಂದು ಅಲ್ಲಿತ್ತು. ಪುಟಗಳನ್ನು ತಿರುವಿದೆ. ಎತ್ತರಕ್ಕೆ ಉಬ್ಬಿಸಿ ಕಟ್ಟಿದ ತುರುಬು, ಚೌರಿ ಸೇರಿಸಿ ಹೆಣೆದ ಜಡೆ, ಹಣೆಯ ಮೇಲೆ ಇಳಿಬಿಟ್ಟ ಮುಂಗೂದಲು. ಜೇನುಗೂಡಿನಂಥ ತುರುಬನ್ನು 1960ರಲ್ಲಿ ಅಮೆರಿಕದ ಮಾರ್ಗರೆಟ್ ವಿನ್ಸಿ ಹೆಲ್ಟ್ ಎಂಬ ಕೇಶವಿನ್ಯಾಸಕಿ ವೃತ್ತಿಪತ್ರಿಕೆಯೊಂದಕ್ಕಾಗಿ ರೂಪಿಸಿದರು. ಅದೇ ವರ್ಷ ತೆರೆಕಂಡ ‘ಲವ್ ಇನ್ ಸಿಮ್ಲಾ’ ಹಿಂದಿ ಚಿತ್ರದಲ್ಲಿ ನಟಿ ಸಾಧನಾ ಅವರ ಅಗಲವಾದ ಹಣೆಯನ್ನು ಮರೆಮಾಡಲು ಕತ್ತರಿಸಿದ ಮುಂಗೂದಲು ‘ಸಾಧನಾ ಕಟ್’ ಎಂದು ದೇಶದಾದ್ಯಂತ ಹೆಸರಾಯಿತು.

ಚಿತ್ರವನ್ನು ನೋಡಿದ ಅಜ್ಜಿ ಮೆಲ್ಲನೆ ನಕ್ಕರು. “ನಾನೂ ಹೀಗೇ ಕತ್ತರಿಸಿಕೊಂಡಿದ್ದೆ ಸ್ವಾಮಿ. ನಮ್ಮವ್ವ ಮೂರು ದಿನ ನನ್ನ ಮುಖ ನೋಡಲಿಲ್ಲ” ಎಂದರು.

ಪ್ರೇಷಿತ ಪೇತ್ರರು ತಮ್ಮ ಮೊದಲನೆಯ ಪತ್ರದಲ್ಲಿ ಜಡೆ ಹೆಣೆದುಕೊಳ್ಳುವ ಬಾಹ್ಯಾಲಂಕಾರಕ್ಕಿಂತ ಅಂತರಂಗದ ಸೌಮ್ಯತೆಯೇ ಸ್ತ್ರೀಯರ ಭೂಷಣವಾಗಲೆಂದು ಬೋಧಿಸುತ್ತಾರೆ. ಆ ವಾಕ್ಯವನ್ನು ಹಿಡಿದು, ಯಾಜಕನಾದ ಹೊಸತರಲ್ಲಿ ನಾನೂ ಕತ್ತರಿಸಿದ ಕೂದಲಿನ ವಿರುದ್ಧ ಪೀಠದಿಂದ ಕಟುವಾಗಿ ಮಾತನಾಡಿದ್ದುಂಟು. ಮುಂದಿನ ಸಾಲಿನಲ್ಲಿ ಕುಳಿತಿದ್ದ ತರುಣಿಯೊಬ್ಬಳು ತಲೆ ತಗ್ಗಿಸಿದಳು. ಅವಳು ತೀವ್ರ ಜ್ವರದಿಂದ ಎದ್ದು ಕೂದಲು ಕಳೆದುಕೊಂಡವಳೆಂದು ತಿಳಿದದ್ದು ಆಮೇಲೆ. ಆ ಪ್ರಬೋಧನೆಯನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ದೋಷವಿರುವುದು ನಾವು ಬಳಸುವ ಬಾಹ್ಯವಸ್ತುಗಳಲ್ಲಲ್ಲ, ಮಿತಿಮೀರಿ ಬಳಸುವವನಲ್ಲಿ ಎಂಬುದು ಸಂತ ಥಾಮಸ್ ಅಕ್ವಿನಾಸರ ವಿವೇಚನೆ. ಅಲಂಕಾರವನ್ನು ಅಳೆಯುವಾಗ ಅವರು ಆಯಾ ಜನರ ರೂಢಿಯನ್ನೂ ಪರಿಗಣಿಸುತ್ತಾರೆ. ರೂಢಿ ಬದಲಾಗುವಂಥದ್ದು. ಬಲಿಪೂಜೆಯಲ್ಲಿ ಸ್ತ್ರೀಯರು ತಲೆ ಮುಚ್ಚಿಕೊಳ್ಳಬೇಕೆಂದು 1917ರ ಧರ್ಮಸಭೆಯ ಕಾನೂನು ಸಂಹಿತೆ ವಿಧಿಸಿತ್ತು. 1983ರ ಸಂಹಿತೆಯಲ್ಲಿ ಆ ವಿಧಿಯಿಲ್ಲ. ಸೌಮ್ಯತೆಯ ಕರೆ ಮಾತ್ರ ಹಾಗೆಯೇ ಉಳಿದಿದೆ. ಅದು ಕೂದಲು ಕತ್ತರಿಸಿದವಳಿಗಷ್ಟೇ ಅಲ್ಲ, ಮಾತು ಬಿಟ್ಟವರಿಗೂ ಅನ್ವಯಿಸುತ್ತದೆ.

ಮೊಮ್ಮಗಳು ಅಜ್ಜಿಯ ಪಕ್ಕದಲ್ಲಿ ಕುಳಿತು ಪತ್ರಿಕೆಯನ್ನು ಕೈಗೆತ್ತಿಕೊಂಡಳು. ಬುದ್ಧಿ ಹೇಳುವ ಅಗತ್ಯ ನನಗೆ ಬೀಳಲಿಲ್ಲ. ಪ್ರಿಯ ತಂದೆತಾಯಿಗಳೇ, ಮಕ್ಕಳ ಮೇಲೆ ತೀರ್ಪು ಕೊಡುವ ಮುನ್ನ ನಿಮ್ಮ ಮನೆಯ ಹಳೆಯ ಭಾವಚಿತ್ರಗಳನ್ನು ಒಮ್ಮೆ ತೆಗೆದು ನೋಡಿ.