ವಿಟಮಿನ್ ಮಾತ್ರೆ ಎಲ್ಲಿಡೋಣ?

ನಮ್ಮ ಅನೇಕ ಮನೆಗಳಲ್ಲಿ ವಿಟಮಿನ್ ಮಾತ್ರೆಯ ಬಾಟಲಿ ಒಲೆಯ ಪಕ್ಕದಲ್ಲೋ ಊಟದ ಮೇಜಿನ ಮೇಲೋ ಇರುತ್ತದೆ. ಎರಡೂ ಸರಿಯಾದ ಜಾಗವಲ್ಲ.

ಬಿಸಿ, ತೇವ, ಬೆಳಕು ಇವು ವಿಟಮಿನ್ನಿನ ಸತ್ವವನ್ನು ಕುಂದಿಸುತ್ತವೆ. ಸಿ ವಿಟಮಿನ್ ತೇವಕ್ಕೆ ಬೇಗ ಕೆಡುತ್ತದೆ. ಎ ಮತ್ತು ಬಿ2 ಬೆಳಕಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಕಾಸರಗೋಡಿನ ಮಳೆಯಲ್ಲಿ ಭರಣಿಯ ಉಪ್ಪೇ ನೀರೊಡೆಯುವಾಗ ಮಾತ್ರೆ ಹೇಗೆ ಉಳಿದೀತು? ಆದುದರಿಂದ ಮಲಗುವ ಕೋಣೆಯ ಕಪಾಟಿನಲ್ಲಿ, ತಂದ ಬಾಟಲಿಯಲ್ಲೇ, ಮುಚ್ಚಳ ಬಿಗಿಮಾಡಿ ಇಡೋಣ. ಒಳಗಿನ ಸಿಲಿಕಾ ಪೊಟ್ಟಣ ತೇವ ಹೀರುತ್ತದೆ, ಅದು ಅಲ್ಲೇ ಇರಲಿ. ಹತ್ತಿ ಇದ್ದರೆ ತೆಗೆದುಬಿಡೋಣ. ಅದು ಹೊರಗಿನ ತೇವವನ್ನು ಒಳಕ್ಕೆಳೆಯುತ್ತದೆ. ಲೇಬಲಿನಲ್ಲಿ ಹೇಳದ ಹೊರತು ಫ್ರಿಜ್ ಬೇಡ. ಹೊರತೆಗೆದು ತೆರೆದಾಗ ಪಸೆ ಕಟ್ಟುತ್ತದೆ.

ಎಲ್ಲಕ್ಕಿಂತ ಮುಖ್ಯ, ಮಕ್ಕಳ ಕೈಗೆ ಎಟುಕಬಾರದು. ಗರ್ಭಿಣಿಯರಿಗೆ ಕೊಡುವ ಕೆಂಪು ಕಬ್ಬಿಣಾಂಶದ ಮಾತ್ರೆ ಮಗುವಿನ ಕಣ್ಣಿಗೆ ಮಿಠಾಯಿಯೇ. ಹಲವನ್ನು ಒಟ್ಟಿಗೆ ನುಂಗಿದರೆ ಜೀವಕ್ಕೇ ಅಪಾಯ. ವಾಂತಿ ನಿಂತು ಮಗು ಚೇತರಿಸಿದಂತೆ ಕಂಡರೂ ಕಾಯಬಾರದು. ಬಾಟಲಿ ಸಮೇತ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಮಾತ್ರೆಯನ್ನು "ಚಾಕ್ಲೇಟ್" ಎಂದು ಪುಸಲಾಯಿಸಿ ಕೊಡುವ ಅಭ್ಯಾಸವನ್ನೂ ಬಿಡೋಣ.

ಇಂದೇ ಮನೆಯವರೆಲ್ಲ ಸೇರಿ ಬಾಟಲಿಗಳ ತಾರೀಕು ನೋಡಿ, ಅವಧಿ ಮುಗಿದವನ್ನು ಬೇರೆ ಮಾಡೋಣ.