ನಿಮಗಿದು ಗೊತ್ತೆ? ಜನ ಅಷ್ಟೇ, ಮನೆ ಮಾತ್ರ ಸಾಲದು!

2001ರಲ್ಲಿ ದಂಡು ಪ್ರದೇಶವೂ ಸೇರಿ ಬೆಳಗಾವಿ ನಗರ ಸಮುಚ್ಚಯದ ಜನಸಂಖ್ಯೆ ಸುಮಾರು 5.06 ಲಕ್ಷ. 2011ರ ಜನಗಣತಿಯಲ್ಲಿ ಅದು 6.10 ಲಕ್ಷ ಮುಟ್ಟಿತು. ಆದರೆ ಮನೆಗಳ ಬೇಡಿಕೆ ಬರೀ ತಲೆ ಎಣಿಕೆಯಿಂದ ತಿಳಿಯುವುದಿಲ್ಲ. ಮನೆಗೆ ಐವರಂತೆ ಒಂದು ಲಕ್ಷ ಜನರಿಗೆ 20,000 ಮನೆ ಸಾಕು. ಕೂಡುಕುಟುಂಬ ಒಡೆದು ಮನೆಗೆ ನಾಲ್ವರಾದರೆ 25,000 ಬೇಕು. ಒಬ್ಬರೂ ಹೆಚ್ಚದೆ 5,000 ಮನೆ ಕಡಿಮೆ ಬೀಳುತ್ತದೆ! ಓದಲು ಬಂದವರಿಗೆ ಪಿಜಿ, ಬಾಡಿಗೆ ಕೋಣೆ ಬೇರೆ.

ಕೇವಲ 26 ಕಿ.ಮೀ. ಆಚೆ, ಖಾನಾಪುರದಲ್ಲಿ ಲೆಕ್ಕವೇ ಬೇರೆ: ಅಲ್ಲಿ ಇದ್ದ ಮನೆ ಬಿಡಲು ಒಪ್ಪಿದವರೂ ಇದ್ದಾರೆ. 2011ರಲ್ಲಿ ಪಟ್ಟಣದಲ್ಲಿದ್ದವರು 18,535 ಮಂದಿ. ತಾಲ್ಲೂಕಿನ ಭೀಮಗಡ ವನ್ಯಜೀವಿಧಾಮದೊಳಗಿನ ಹಳ್ಳಿಗಳಿಗೆ ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿಯೇ ಬಂದ್; ರೋಗಿಗಳನ್ನು ಹೊತ್ತೇ ತರಬೇಕು. ಅಲ್ಲಿನ ತಳೇವಾಡಿಯ ಕುಟುಂಬಗಳು ಸ್ವಇಚ್ಛೆಯಿಂದ ಕಾಡು ಬಿಡಲು ಒಪ್ಪಿದವು. ಸರ್ಕಾರದ ಪರಿಹಾರ ಕುಟುಂಬಕ್ಕೆ 15 ಲಕ್ಷ ರೂಪಾಯಿ. ಈ ದುಡ್ಡಿನಲ್ಲಿ ಬೆಳಗಾವಿಯಲ್ಲಿ ಸೈಟು ಕೊಂಡು ಮನೆ ಕಟ್ಟುವುದು ಕನಸಿನ ಮಾತು.