ಕಾರಿನ ಹವಾನಿಯಂತ್ರಣ ವ್ಯವಸ್ಥೆ: ಒತ್ತಡ ಸ್ವಿಚ್‌ಗಳನ್ನು ಗುರುತಿಸುವ ಕ್ರಮ

ಕಾರಿನ ಎ.ಸಿ. ನಿಂತಾಗ ಒತ್ತಡ ಸ್ವಿಚ್ ಕೆಟ್ಟಿದೆಯೆಂದು ಭಾವಿಸಿ, ಅದರ ತಂತಿಗಳನ್ನು ನೇರವಾಗಿ ಜೋಡಿಸುವುದುಂಟು. ಇದು ಸರಿಯಾದ ಕ್ರಮವಲ್ಲ. ವಾಹನ ಮಾಲೀಕರ ತಿಳುವಳಿಕೆಗಾಗಿ ಕೆಳಕಂಡ ವಿವರಗಳನ್ನು ನೀಡಲಾಗಿದೆ.

1. ಸ್ವಿಚ್‌ನ ಕಾರ್ಯ

ಶೀತಕ ಅನಿಲ ಸೋರಿಹೋದಾಗ ಅದರೊಂದಿಗೆ ಸಂಚರಿಸುವ ಎಣ್ಣೆಯು ಕಂಪ್ರೆಸರ್‌ಗೆ ಸಾಕಷ್ಟು ಮರಳುವುದಿಲ್ಲ; ಕಂಪ್ರೆಸರ್ ಸವೆದು ಹಾಳಾಗುತ್ತದೆ. ಕಂಡೆನ್ಸರ್ ಫ್ಯಾನ್ ನಿಂತಾಗ ಅಥವಾ ಅನಿಲ ಅತಿಯಾಗಿ ತುಂಬಿದಾಗ ಒತ್ತಡವು ಮಿತಿಮೀರುತ್ತದೆ. ಈ ಎರಡೂ ಸಂದರ್ಭಗಳಲ್ಲಿ ಕಂಪ್ರೆಸರನ್ನು ನಿಲ್ಲಿಸುವುದೇ ಸ್ವಿಚ್‌ನ ಕಾರ್ಯ. ಆರ್-134ಎ ಅನಿಲ ಬಳಸುವ ಅನೇಕ ಕಾರುಗಳಲ್ಲಿ ಈ ಮಿತಿಗಳು ಸುಮಾರು 2 ಬಾರ್ ಮತ್ತು ಸುಮಾರು 30 ಬಾರ್ ಆಗಿರುತ್ತವೆ.

2. ಗುರುತಿಸುವ ಕ್ರಮ

ಅ) ಎಂಜಿನ್ ನಿಲ್ಲಿಸಿ, ತಣ್ಣಗಾದ ನಂತರ ಬಾನೆಟ್ ತೆರೆಯತಕ್ಕದ್ದು.

ಆ) ಕಂಪ್ರೆಸರ್‌ಗೆ ಎರಡು ಕೊಳವೆಗಳು ಕೂಡಿಕೊಂಡಿರುತ್ತವೆ. ದಪ್ಪ ಕೊಳವೆ ಕಡಿಮೆ ಒತ್ತಡದ್ದು; ತೆಳುವಾದದ್ದು ಹೆಚ್ಚು ಒತ್ತಡದ್ದು. ತೆಳು ಕೊಳವೆಯು ರೇಡಿಯೇಟರ್ ಮುಂದಿರುವ ಕಂಡೆನ್ಸರ್‌ಗೆ ಸೇರುತ್ತದೆ.

ಇ) ಎಕ್ಸ್‌ಪ್ಯಾನ್ಶನ್ ವಾಲ್ವ್ ಇರುವ ಕಾರುಗಳಲ್ಲಿ ಸ್ವಿಚ್ ಸಾಮಾನ್ಯವಾಗಿ ಒಂದೇ ಇದ್ದು, ಎರಡೂ ಮಿತಿಗಳನ್ನು ಗಮನಿಸುತ್ತದೆ. ಕಂಡೆನ್ಸರ್‌ನಿಂದ ಹೊರಟು ಪ್ರಯಾಣಿಕರ ಕಡೆಯ ಗೋಡೆಗೆ ಸಾಗುವ ತೆಳು ಕೊಳವೆಯ ಮೇಲೆ, ಅಥವಾ ಆ ಮಾರ್ಗದಲ್ಲಿರುವ ರಿಸೀವರ್ ಡ್ರೈಯರ್ ಮೇಲೆ ಅದನ್ನು ಹುಡುಕತಕ್ಕದ್ದು.

ಈ) ಆರಿಫೈಸ್ ಟ್ಯೂಬ್ ಇರುವ ಕಾರುಗಳಲ್ಲಿ ಕಡಿಮೆ ಒತ್ತಡದ ಸ್ವಿಚ್ ಸಾಮಾನ್ಯವಾಗಿ ದಪ್ಪ ಕೊಳವೆಯ ಮಾರ್ಗದ ಅಕ್ಯುಮುಲೇಟರ್ ಡಬ್ಬಿಯ ಮೇಲಿರುತ್ತದೆ. ಹೆಚ್ಚು ಒತ್ತಡದ ಸ್ವಿಚ್ ಕಂಪ್ರೆಸರ್ ಮೇಲೆ ಅಥವಾ ತೆಳು ಕೊಳವೆಯ ಮೇಲಿರುತ್ತದೆ.

ಉ) ಸ್ವಿಚ್‌ಗೆ ವಿದ್ಯುತ್ ತಂತಿಗಳ ಕನೆಕ್ಟರ್ ಇರುತ್ತದೆ. ತಂತಿಯಿಲ್ಲದೆ, ಕೇವಲ ಮುಚ್ಚಳವಿರುವ ಭಾಗವು ಅನಿಲ ತುಂಬುವ ಬಾಯಿ. ಇವೆರಡನ್ನು ಒಂದೆಂದು ತಿಳಿಯಬಾರದು. ಅನೇಕ ಹೊಸ ಕಾರುಗಳಲ್ಲಿ ಸ್ವಿಚ್‌ನ ಸ್ಥಾನದಲ್ಲಿ ಒತ್ತಡ ಸೆನ್ಸರ್ ಇರುತ್ತದೆ.

3. ಎಚ್ಚರಿಕೆಗಳು

ಸ್ವಿಚ್ ಇರುವ ಸ್ಥಳವನ್ನು ಮಾಲೀಕರು ನೋಡಿ ತಿಳಿಯಬಹುದು; ಆದರೆ ಅದನ್ನು ಬಿಚ್ಚಬಾರದು. ಕೆಲವು ಸ್ವಿಚ್‌ಗಳ ಕೆಳಗೆ ಅನಿಲವನ್ನು ತಡೆಯುವ ವಾಲ್ವ್ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ವಾಲ್ವ್ ಇಲ್ಲದಿದ್ದಲ್ಲಿ ಶೀತಕವು ರಭಸದಿಂದ ಚಿಮ್ಮಿ ಕಣ್ಣು ಹಾಗೂ ಚರ್ಮಕ್ಕೆ ತೀವ್ರ ಶೀತಗಾಯವಾಗುವ ಸಂಭವವಿದೆ.

ಆರ್-134ಎ ಓಜೋನ್ ಪದರಕ್ಕೆ ಹಾನಿ ಮಾಡದಿದ್ದರೂ, ಭೂಮಿಯ ತಾಪ ಹೆಚ್ಚಿಸುವಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ಪ್ರಬಲವಾಗಿದೆ. ಇಂತಹ ಅನಿಲಗಳ ಬಳಕೆಯನ್ನು ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತವು 2021ರಲ್ಲಿ ಅನುಮೋದಿಸಿದೆ. ಆದುದರಿಂದ ಅನಿಲವನ್ನು ಗಾಳಿಗೆ ಬಿಡದೆ, ಯಂತ್ರದ ಮೂಲಕ ಮರಳಿ ಸಂಗ್ರಹಿಸುವ ಕಾರ್ಯಾಗಾರವನ್ನೇ ಆಯ್ದುಕೊಳ್ಳುವುದು ಸೂಕ್ತ.

ಸ್ವಿಚ್ ಕಂಪ್ರೆಸರನ್ನು ನಿಲ್ಲಿಸಿದೆಯೆಂದರೆ ಬಹುತೇಕ ಅದು ತನ್ನ ಕೆಲಸವನ್ನು ಮಾಡಿದೆಯೆಂದೇ ಅರ್ಥ. ಸ್ವಿಚ್ ಬದಲಿಸುವ ಮೊದಲು ಅನಿಲದ ಒತ್ತಡ, ಸೋರಿಕೆ ಹಾಗೂ ಫ್ಯಾನ್‌ಗಳ ಪರೀಕ್ಷೆ ಮಾಡಿಸತಕ್ಕದ್ದು.